ನೋವು ಎಷ್ಟು ಎಂದು ಕೇಳಿದರೆ

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ, ಗುಡ್ಡದ ಬದಿಯಲ್ಲಿದೆ. ಅಂಗಳದಿಂದ ಅಡಿಕೆ ತೋಟಕ್ಕೆ ಇಳಿಯಲು ಮುರಕಲ್ಲಿನ 32 ಮೆಟ್ಟಿಲು. ಮದುವೆಯಾಗಿ ಬಂದ ಮೇಲೆ ಎಷ್ಟು ಸಾವಿರ ಸಲ ಇಳಿದು ಹತ್ತಿದ್ದೇನೋ, ಒಮ್ಮೆಯೂ ಎಣಿಸಿರಲಿಲ್ಲ. ಮೊಣಕಾಲು ಗಂಟು ನೋಯಲು ಶುರುವಾದ ಮೇಲೆ ಎಣಿಸತೊಡಗಿದೆ. ಇಳಿಯುವಾಗ ಹನ್ನೆರಡನೆಯದರಲ್ಲಿ ಒಮ್ಮೆ ನಿಲ್ಲಬೇಕಿತ್ತು. ಆಮೇಲೆ ಆರನೆಯದರಲ್ಲಿ. ಕೊನೆಗೆ ತೋಟಕ್ಕೆ ಹೋಗುವುದನ್ನೇ ಬಿಟ್ಟೆ.

ನಾನು ಕನ್ನಡ ಮಾಧ್ಯಮ ಶಾಲೆಯಲ್ಲಿ 31 ವರ್ಷ ಪಾಠ ಮಾಡಿದವಳು. ನಿಂತೇ ಪಾಠ ಮಾಡುವ ಅಭ್ಯಾಸ. 2020ರಲ್ಲೇ ಮಂಗಳೂರಿಗೆ ಹೋಗಿ ತೋರಿಸುವುದು ಅಂತ ಇತ್ತು. ಅಷ್ಟರಲ್ಲಿ ಕೊರೊನಾ ಬಂತು, ಕೇರಳ ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿತು. ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆ ಅಂದರೆ ಮಂಗಳೂರೇ ಅಲ್ವಾ? ಆ ದಿನಗಳಲ್ಲಿ ಜೀವ ಹೋಗುವಂಥ ಕಾಯಿಲೆಯವರೇ ಗಡಿ ದಾಟಲಾಗದೆ ಒದ್ದಾಡಿದರು. ಗಂಟುನೋವಿನ ಮಾತು ಎತ್ತಲೂ ನನಗೆ ಮನಸ್ಸಾಗಲಿಲ್ಲ. ಆಮೇಲೆ ಅದು ಮುಂದೆ ಮುಂದೆ ಹೋಯಿತು.

ಕೊನೆಗೆ ಒಂದು ನವೆಂಬರ್‌ನಲ್ಲಿ ಬಲಗಾಲಿಗೆ ಗಂಟು ಬದಲಿಸುವ ಆಪರೇಷನ್ ಎಂದು ತೀರ್ಮಾನವಾಯಿತು. ಎಡಗಾಲು ಆಮೇಲೆ. ಸುದ್ದಿ ಗೊತ್ತಾದವರೆಲ್ಲ ಕೇಳಿದ್ದು ಒಂದೇ, ಗಂಟಿಗೆ ಎಷ್ಟು ಖರ್ಚು, ಯಾವ ಕಂಪೆನಿಯದ್ದು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೃತಕ ಗಂಟಿನ ಬೆಲೆಗೆ ಮಿತಿ ಹಾಕಿದ ಮೇಲೆ ಆ ವಿಷಯ ಬಹಳ ಜನರಿಗೆ ಗೊತ್ತಿದೆ. ಅರಿವಳಿಕೆ ಹೇಗೆ ಕೊಡುತ್ತಾರೆ, ನೋವಿಗೆ ಏನು ಮಾಡುತ್ತಾರೆ ಎಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳಿರಲಿಲ್ಲ. ಈಗ ಬರೆಯುತ್ತಿರುವುದು ಅದಕ್ಕೇ.

ಆಪರೇಷನ್‌ಗೆ ಹತ್ತು ದಿನ ಮೊದಲು ಅರಿವಳಿಕೆಯ ಡಾಕ್ಟರನ್ನು ನೋಡಬೇಕು ಎಂದು ಚೀಟಿ ಕೊಟ್ಟರು. ಸಹಿ ಹಾಕಿಸಿಕೊಳ್ಳಲು ಇರಬೇಕು ಎಂದುಕೊಂಡು ಹೋದೆ. ಅಲ್ಲಿ ನಲವತ್ತರ ಆಸುಪಾಸಿನ ಮೇಡಂ ಒಬ್ಬರಿದ್ದರು. ಅರ್ಧ ಗಂಟೆ ಮಾತಾಡಿದರು. ಬಿ.ಪಿ. ಮಾತ್ರೆ, ಶುಗರ್ ಮಾತ್ರೆ, ಹಿಂದೆ ಆದ ಆಪರೇಷನ್, ಅಲ್ಲಾಡುವ ಹಲ್ಲು, ರಾತ್ರಿ ಗೊರಕೆ, ಎಲ್ಲವನ್ನೂ ಕೇಳಿದರು. ರಕ್ತ ತೆಳುವಾಗುವ ಮಾತ್ರೆ ಇದೆಯಾ ಎಂದು ಎರಡೆರಡು ಸಲ ಕೇಳಿದರು. ನನಗೆ ಇರಲಿಲ್ಲ. ಇದ್ದವರಿಗೆ ಬೆನ್ನಿನ ಸೂಜಿಯ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ನರಕ್ಕೆ ಒತ್ತುವ ಅಪಾಯವಿದೆಯಂತೆ. ಯಾವುದನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕು ಎಂದು ಅವರೇ ಹೇಳುತ್ತಾರೆ. ನಾವಾಗಿ ನಿಲ್ಲಿಸಬಾರದು, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಂತೂ ಖಂಡಿತ ಕೂಡದು. ಎಣ್ಣೆ ಕಷಾಯಗಳನ್ನೂ ಕೇಳಿದರು. ನಮ್ಮ ಕಡೆ ಕಷಾಯ ಕುಡಿಯದ ಮನೆ ಎಲ್ಲಿದೆ? ಎಲ್ಲ ಹೇಳಿದೆ.

ನನಗಿದ್ದ ದೊಡ್ಡ ಹೆದರಿಕೆ ಬೆನ್ನಿನ ಇಂಜೆಕ್ಷನ್. ಹೆರಿಗೆಯಲ್ಲಿ ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡವರಿಗೆ ಜೀವಮಾನವಿಡೀ ಬೆನ್ನುನೋವು ಎಂದು ನೆರೆಕರೆಯ ಹೆಂಗಸರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೆ! ಅದನ್ನು ನೇರವಾಗಿಯೇ ಹೇಳಿದೆ. ಮೇಡಂ ನಗಲಿಲ್ಲ. ಸೂಜಿ ಹೋದ ಜಾಗ ಒಂದೆರಡು ದಿನ ನೋಯುವುದುಂಟು, ವರ್ಷಗಟ್ಟಲೆ ಇರುವ ಬೆನ್ನುನೋವಿಗೆ ಆ ಸೂಜಿ ಕಾರಣವಲ್ಲ ಎಂದರು. ಬಸುರಿ, ಬಾಣಂತಿಯರಿಗೆ ಸೂಜಿ ಇಲ್ಲದೆಯೂ ಬೆನ್ನುನೋವು ಬರುತ್ತದೆ, ದೂರು ಮಾತ್ರ ಸೂಜಿಯ ಮೇಲೆ. ಕಾಗದದಲ್ಲಿ ಬೆನ್ನೆಲುಬಿನ ಚಿತ್ರ ಬರೆದು ತೋರಿಸಿದರು. ಮಿದುಳುಬಳ್ಳಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ಅದರ ಕೆಳಗೆ ನೀರಿನಲ್ಲಿ ನೆನೆಹಾಕಿದ ತೆಂಗಿನ ನಾರಿನ ಹಾಗೆ ನರಗಳು ಬಿಡಿಬಿಡಿಯಾಗಿ ತೇಲುತ್ತವೆ. ಮದ್ದು ಕೊಡುವುದು ಆ ನೀರಿಗೆ.

ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡಬಾರದಾ ಎಂದೂ ಕೇಳಿದೆ. ಮಾಡಬಹುದು, ಕೆಲವರಿಗೆ ಅದೇ ಸರಿ ಎಂದರು. ನನ್ನ ವಯಸ್ಸಿಗೆ ಬೆನ್ನಿನದ್ದು ಮೇಲು. ಉಸಿರಾಟಕ್ಕೆ ಪೈಪ್ ಹಾಕಬೇಕಾಗಿಲ್ಲ, ಎಚ್ಚರವಾದ ಮೇಲೆ ವಾಂತಿ, ಮಂಪರು ಕಡಿಮೆ. ಬೆನ್ನಿನ ಸೂಜಿಯಿಂದ ತಲೆನೋವು ಬರುತ್ತದಂತಲ್ಲ ಎಂದು ಕೇಳಿದಾಗ ಒಂದು ಹಳೆಯ ಕಥೆ ಹೇಳಿದರು. 1898ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ಎಂಬ ಡಾಕ್ಟರ್ ಮೊದಲ ಸಲ ಬೆನ್ನಿಗೆ ಕೊಕೇನ್ ಕೊಟ್ಟು ಕಾಲಿನ ಆಪರೇಷನ್ ಮಾಡಿದರಂತೆ. ಆಮೇಲೆ ತಮ್ಮ ಬೆನ್ನಿಗೇ ಸೂಜಿ ಹಾಕಿಸಿಕೊಂಡು ಪ್ರಯೋಗ ಮಾಡಿದರು. ಬೆನ್ನಿನ ನೀರು ಜಾಸ್ತಿ ಸೋರಿ, ದಿನಗಟ್ಟಲೆ ತಲೆನೋವಿನಿಂದ ಮಲಗಿದರು. ಈಗಿನ ಸೂಜಿ ಅರ್ಧ ಮಿಲಿಮೀಟರ್ ದಪ್ಪ, ಕೆಲವು ಅದಕ್ಕಿಂತಲೂ ಸಪುರ. ಹಾಗಾಗಿ ತಲೆನೋವು ಬರುವುದು ಅಪರೂಪ.

ಕೊನೆಗೆ ಒಂದು ಮಾತು ಹೇಳಿದರು. "ಟೀಚರೇ, ಆಪರೇಷನ್ ಆದ ಮೇಲೆ ನೋವು ಎಷ್ಟು ಅಂತ ಎಲ್ಲರೂ ಕೇಳ್ತಾರೆ. ಸೊನ್ನೆಯಿಂದ ಹತ್ತರ ಒಳಗೆ ಒಂದು ನಂಬರ್ ಹೇಳಬೇಕು. ಸುಮ್ನೆ ಮಲಗಿದಾಗ ಎಷ್ಟು, ಕಾಲು ಆಡಿಸಿದಾಗ ಎಷ್ಟು, ಎರಡೂ ಬೇಕು." ನಾನು ತಲೆಯಾಡಿಸಿದೆ. ಕ್ಲಾಸಿನಲ್ಲಿ ಮಕ್ಕಳು ತಲೆಯಾಡಿಸುವ ಹಾಗೆ.

ಆಪರೇಷನ್ ದಿನ ಬೆಳಿಗ್ಗೆ ಐದೂವರೆಗೆ ಎರಡು ಗುಟುಕು ನೀರು ಕುಡಿದೆ. ಊಟ ಹಿಂದಿನ ರಾತ್ರಿಯದ್ದೇ ಕೊನೆ. ಥಿಯೇಟರ್ ಒಳಗೆ ಚಳಿ. ಮೇಜಿನ ಅಂಚಿನಲ್ಲಿ ಕೂರಿಸಿ, ಕಾಲ ಕೆಳಗೆ ಸ್ಟೂಲ್ ಇಟ್ಟು, ತಬ್ಬಿಕೊಳ್ಳಲು ತಲೆದಿಂಬು ಕೊಟ್ಟರು. ಗಲ್ಲವನ್ನು ಎದೆಗೆ ತಾಗಿಸಿ, ಬೆನ್ನನ್ನು ಬೆಕ್ಕಿನ ಹಾಗೆ ಹೊರಗೆ ಉಬ್ಬಿಸಬೇಕು. ಒಬ್ಬಳು ಸಿಸ್ಟರ್ ಎದುರು ನಿಂತು ನನ್ನ ಭುಜ ಹಿಡಿದುಕೊಂಡಳು. ಮೊದಲು ಚರ್ಮಕ್ಕೆ ಒಂದು ಸಣ್ಣ ಚುಚ್ಚು, ಇರುವೆ ಕಚ್ಚಿದಷ್ಟು ಉರಿ. ಆಮೇಲೆ ಒಳಗೆ ಏನೋ ಒತ್ತಿದ ಹಾಗಾಯಿತು, ಅಷ್ಟೇ. ಇಪ್ಪತ್ತು ವರ್ಷ ಹೆದರಿದ್ದು ಎರಡು ನಿಮಿಷದಲ್ಲಿ ಮುಗಿದಿತ್ತು.

ಪೃಷ್ಠದಿಂದ ಪಾದದವರೆಗೆ ಬಿಸಿ ಇಳಿಯಿತು. ಬಿಸಿನೀರಿನ ಹಂಡೆಯ ಪಕ್ಕ ಕೂತ ಹಾಗೆ ಹಿತವಾಗಿತ್ತು. ಕಾಲು ಭಾರವಾಯಿತು. ಸ್ಪಿರಿಟ್ ಹತ್ತಿಯನ್ನು ಕೈಗೆ ತಾಗಿಸಿ, ಆಮೇಲೆ ತೊಡೆಗೆ, ಹೊಟ್ಟೆಗೆ ತಾಗಿಸಿ ತಣ್ಣಗೆ ಗೊತ್ತಾಗುತ್ತದಾ ಎಂದು ಕೇಳುತ್ತಾ ಹೋದರು. ಹೊಕ್ಕುಳದವರೆಗೆ ಗೊತ್ತಾಗಲಿಲ್ಲ. ನನ್ನ ಕಾಲು ಇನ್ನೂ ಮಡಿಚಿ ಮೇಲೆತ್ತಿದೆ ಎಂದೇ ನನಗೆ ಅನಿಸುತ್ತಿತ್ತು. ಬಗ್ಗಿ ನೋಡಿದರೆ ನೇರವಾಗಿ ಮಲಗಿತ್ತು. ಮದ್ದು ಹಿಡಿಯುವ ಮೊದಲು ಕಾಲು ಹೇಗಿತ್ತೋ ಅದೇ ನೆನಪು ಉಳಿಯುತ್ತದಂತೆ. ಅಷ್ಟರಲ್ಲಿ ಹೊಟ್ಟೆ ತೊಳಸಿ ಕಣ್ಣು ಮಂಜಾಯಿತು. ಹೇಳಿದೆ. "ಬಿ.ಪಿ. ಇಳಿದದ್ದು, ಈಗ ಸರಿಯಾಗ್ತದೆ" ಎಂದು ಮೇಡಂ ಡ್ರಿಪ್‌ನಲ್ಲಿ ಏನೋ ಕೊಟ್ಟರು, ಒಂದು ನಿಮಿಷದಲ್ಲಿ ಸರಿಯಾಯಿತು.

ಮಗ ನನ್ನ ಫೋನಿಗೆ ತಾಳಮದ್ದಳೆ ಹಾಕಿ ಕೊಟ್ಟಿದ್ದ. ಇಯರ್‌ಫೋನಿಗೆ ಮೇಡಂ ಒಪ್ಪಿದರು. ಸ್ವಲ್ಪ ನಿದ್ದೆಯ ಮದ್ದೂ ಕೊಟ್ಟಿದ್ದರು. ಅರ್ಧ ನಿದ್ದೆ, ಅರ್ಧ ಎಚ್ಚರ. ಅರ್ಥಧಾರಿಯ ಮಾತಿನ ನಡುವೆ ಸುತ್ತಿಗೆಯ ಶಬ್ದ ಕೇಳುತ್ತಿತ್ತು, ಮೇಜು ಅಲ್ಲಾಡುವುದು ಗೊತ್ತಾಗುತ್ತಿತ್ತು. ನೋವು ಮಾತ್ರ ಇಲ್ಲವೇ ಇಲ್ಲ. ಶಬ್ದಕ್ಕೆ ಹೆದರುವವರು ಮೊದಲೇ ಹೇಳುವುದು ಒಳ್ಳೆಯದು, ನಿದ್ದೆಯ ಮದ್ದು ಜಾಸ್ತಿ ಕೊಡುತ್ತಾರೆ.

ಒಂದೂವರೆ ಗಂಟೆಯಲ್ಲಿ ಮುಗಿಯಿತು. ಆಮೇಲೆ ನಡೆದದ್ದನ್ನು ನಾನು ಎಲ್ಲರಿಗೂ ಹೇಳುತ್ತೇನೆ, ಯಾಕೆಂದರೆ ಬಹಳ ಜನರಿಗೆ ಇದು ಗೊತ್ತಿಲ್ಲ. ಬೆನ್ನಿನ ಮದ್ದು ಎರಡರಿಂದ ನಾಲ್ಕು ಗಂಟೆಯೊಳಗೆ ಇಳಿಯುತ್ತದೆ. ಅದರ ನಂತರದ ನೋವಿಗೆ ಬೇರೆಯೇ ಏರ್ಪಾಡು ಬೇಕು, ಅದಕ್ಕೆ ನರದ ಬ್ಲಾಕ್ ಅನ್ನುತ್ತಾರೆ. ಬಸುರಿಯರಿಗೆ ಮಾಡುವಂಥದ್ದೇ ಸ್ಕ್ಯಾನಿಂಗ್ ಯಂತ್ರ ತಂದು, ತೊಡೆಯ ಒಳಬದಿಗೆ ಜೆಲ್ಲಿ ಹಚ್ಚಿದರು. ಪರದೆಯಲ್ಲಿ ರಕ್ತನಾಳ ಮಿಡಿಯುವುದು ಕಾಣುತ್ತಿತ್ತು. ಅದರ ಪಕ್ಕಕ್ಕೆ ಸೂಜಿ ಬಂತು, ಮದ್ದು ಕಪ್ಪಗೆ ಹರಡಿತು. ನಾನು ಕಣ್ಣು ಬಿಟ್ಟು ನೋಡುತ್ತಲೇ ಇದ್ದೆ. ಮಾಂಸಖಂಡಗಳ ನಡುವೆ ಅಲ್ಲೊಂದು ಓಣಿ ಇದೆ. ಜಾನ್ ಹಂಟರ್ ಎಂಬ ಹಳೆಯ ಕಾಲದ ಶಸ್ತ್ರವೈದ್ಯರ ಹೆಸರಿನಲ್ಲಿ ಹಂಟರ್ ಕೆನಾಲ್ ಅನ್ನುತ್ತಾರಂತೆ. ಗಂಟಿನ ಮುಂಭಾಗದ ನೋವನ್ನು ಒಯ್ಯುವ ನರ ಆ ಓಣಿಯಲ್ಲಿ ಹೋಗುತ್ತದೆ. ಮೊದಲೆಲ್ಲ ತೊಡೆಸಂದಿಯಲ್ಲೇ ದೊಡ್ಡ ನರಕ್ಕೆ ಮದ್ದು ಕೊಡುತ್ತಿದ್ದರು. ನೋವು ಹೋಗುತ್ತಿತ್ತು, ಜೊತೆಗೆ ತೊಡೆಯ ಬಲವೂ ಹೋಗುತ್ತಿತ್ತು. ಎದ್ದು ನಿಂತವರು ಕುಸಿದು ಬೀಳುವ ಭಯವಿತ್ತು. ಈ ಓಣಿಯಲ್ಲಿ ಕೊಟ್ಟರೆ ತೊಡೆಯ ಬಲ ಬಹುಪಾಲು ಉಳಿಯುತ್ತದೆ, ಅದೇ ದಿನ ನಿಲ್ಲಿಸಬಹುದು. ಗಂಟಿನ ಹಿಂಭಾಗಕ್ಕೆ ಇನ್ನೊಂದು ಸೂಜಿ, ಅದಕ್ಕೆ ಐಪ್ಯಾಕ್ ಎಂದು ಹೆಸರು. ಹೊಲಿಗೆ ಹಾಕುವ ಮೊದಲು ಸರ್ಜನ್ ಕೂಡ ಗಂಟಿನ ಸುತ್ತ ಮದ್ದು ಕೊಟ್ಟಿದ್ದರು.

ಸಂಜೆ ಐದಕ್ಕೆ ವಾಕರ್ ಹಿಡಿದು ಆರು ಹೆಜ್ಜೆ ಇಟ್ಟೆ. ಕಣ್ಣಲ್ಲಿ ನೀರು ಬಂತು, ಸಂತೋಷಕ್ಕೆ. ತಂಗಿಗೆ, ನಾದಿನಿಗೆ, ಜೊತೆಗೆ ಪಾಠ ಮಾಡುತ್ತಿದ್ದವರಿಗೆ ಎಲ್ಲರಿಗೂ ಫೋನಿನಲ್ಲಿ "ನೋವೇ ಇಲ್ಲ" ಎಂದೆ.

ರಾತ್ರಿ ಹತ್ತಕ್ಕೆ ಸಿಸ್ಟರ್ ಮಾತ್ರೆ ತಂದಳು. ಕಣ್ಣೂರು ಕಡೆಯ ಹುಡುಗಿ. "ವೇದನ ಉಂಡೋ ಅಮ್ಮೇ?" ಎಂದು ಮಲಯಾಳದಲ್ಲಿ ಕೇಳಿದಳು, ನೋವು ಉಂಟಾ ಎಂದು. "ಸಾರಮಿಲ್ಲ ಮೋಳೇ, ಮಾತ್ರೆ ಬೇಡ" ಎಂದೆ. ಹೊಟ್ಟೆಗೆ ಅಷ್ಟೆಲ್ಲ ಮಾತ್ರೆ ಯಾಕೆ ಎಂಬ ಯೋಚನೆ ನನ್ನದು.

ಸಾರ ಇಲ್ಲ ಎಂಬುದು ನಮ್ಮ ಊರಿನವರ ಬಾಯಲ್ಲಿ ಸದಾ ಇರುವ ಮಾತು. ಮಲಯಾಳದಲ್ಲಿ ಸಾರಮಿಲ್ಲ, ನಮ್ಮ ಕನ್ನಡದಲ್ಲಿ ಸಾರ ಇಲ್ಲ. ಪರವಾಗಿಲ್ಲ ಎಂದು ಅರ್ಥ. ಬಸ್ಸು ತಪ್ಪಿದರೂ ಸಾರ ಇಲ್ಲ, ಅಡಿಕೆಗೆ ಕೊಳೆರೋಗ ಬಂದು ಅರ್ಧ ಬೆಳೆ ಉದುರಿದರೂ ಸಾರ ಇಲ್ಲ. ಎದುರಿನವರಿಗೆ ಬೇಜಾರಾಗಬಾರದು ಎಂದು ಹೇಳುವ ಮಾತು ಅದು. ನಾನು ಅದನ್ನು ಆಸ್ಪತ್ರೆಯಲ್ಲೂ ಹೇಳಿದೆ.

ಮೂರು ಗಂಟೆಗೆ ಎಚ್ಚರವಾಯಿತು. ಮೊದಲು ಗಂಟಿನೊಳಗೆ ಬಿಸಿ, ಬಿಗಿ. ಆಮೇಲೆ ಎಲುಬನ್ನೇ ಇಕ್ಕಳದಲ್ಲಿ ಹಿಡಿದು ಹಿಂಡುವ ಹಾಗೆ. ಹಿಮ್ಮಡಿ ಹಾಸಿಗೆಗೆ ತಾಗಿದರೂ ಜೀವ ಹೋಗುತ್ತಿತ್ತು. ಬ್ಲಾಕ್ ಇಳಿದಿತ್ತು. ಅದು ಇಳಿಯುವಾಗ ನೋವು ಮೆಲ್ಲಗೆ ಬರುವುದಿಲ್ಲ, ಒಮ್ಮೆಲೇ ನುಗ್ಗುತ್ತದೆ. ಬೈಸ್ಟ್ಯಾಂಡರ್ ಆಗಿ, ಅಂದರೆ ರೋಗಿಯ ಜೊತೆಗೆ ಇರಲು ಬಂದಿದ್ದ ಸೊಸೆ ಕೆಳಗೆ ಚಾಪೆಯಲ್ಲಿ ಮಲಗಿದ್ದಳು. ಎರಡು ದಿನದಿಂದ ಅವಳಿಗೂ ನಿದ್ದೆ ಇಲ್ಲ. ಎಬ್ಬಿಸಲು ಮನಸ್ಸಾಗಲಿಲ್ಲ. ಬೆಲ್ ಒತ್ತಲಿಲ್ಲ. ನಾಲ್ಕೂಕಾಲಿಗೆ ಸಿಸ್ಟರ್ ತಾನಾಗಿ ಬಂದಳು, ಅದೇ ಪ್ರಶ್ನೆ ಕೇಳಿದಳು. ನನ್ನ ಬಾಯಿಂದ ಅದೇ "ಸಾರಮಿಲ್ಲ" ಬಂತು. ಅವಳು ಚಾರ್ಟಿನಲ್ಲಿ ಎರಡು ಎಂದು ಬರೆದು, ಐಸ್ ಇಟ್ಟು ಹೋದಳು. ಅವಳದ್ದು ಏನೂ ತಪ್ಪಿಲ್ಲ.

ಆರು ಗಂಟೆ ಸುಮಾರಿಗೆ ಬಿ.ಪಿ. ನೋಡಿದಾಗ ಮೇಲಿನದು 178. ನಾಡಿಬಡಿತ 110ರ ಮೇಲೆ. ಅವಳು ಯಂತ್ರ ಬಿಟ್ಟು ನನ್ನ ಮುಖ ನೋಡಿದಳು. "ಅಮ್ಮೇ, ಪತ್ತಿಲ್ ಎತ್ರ?" ಹತ್ತರಲ್ಲಿ ಎಷ್ಟು?

"ಎಟ್ಟ್" ಎಂದೆ. ಎಂಟು. ಹೇಳುವಾಗ ಅತ್ತುಬಿಟ್ಟೆ.

ಆಮೇಲೆ ಓಡಾಟ ಶುರುವಾಯಿತು. ಡ್ರಿಪ್‌ನಲ್ಲಿ ಒಂದು ಗ್ರಾಂ ಪ್ಯಾರಾಸಿಟಮಾಲ್, ನಿಧಾನವಾಗಿ ಟ್ರಾಮಡಾಲ್ ಎಂಬ ಜೋರಿನ ನೋವಿನ ಮದ್ದು, ವಾಂತಿಗೆ ಮದ್ದು. ಆದರೂ ಒಮ್ಮೆ ವಾಂತಿಯಾಯಿತು. ನೋವು ಐದಕ್ಕೆ ಇಳಿಯುವಾಗ ಎಂಟು ಗಂಟೆ ದಾಟಿತ್ತು. ಹತ್ತಕ್ಕೆ ಫಿಸಿಯೋಥೆರಪಿಯ ಹುಡುಗ ಬಂದ. ಗಂಟು 40 ಡಿಗ್ರಿಯೂ ಮಡಚಲಿಲ್ಲ. ಅವನು ಒತ್ತಾಯ ಮಾಡಲಿಲ್ಲ, ನಾಳೆ ನೋಡುವ ಎಂದು ಹೋದ. ಈ ಆಪರೇಷನ್‌ನಲ್ಲಿ ಮೊದಲ ದಿನಗಳು ಬಹಳ ಬೆಲೆಯವು. ಮಡಚದೆ ಇಟ್ಟ ಗಂಟು ಬಿಗಿಯುತ್ತಾ ಹೋಗುತ್ತದೆ. ನೋವು ತಡೆದುಕೊಂಡದ್ದರಿಂದ ನನಗೆ ಸಿಕ್ಕಿದ್ದು ಅದು.

ಮೇಡಂ ಬಂದು ಸ್ಟೂಲ್ ಎಳೆದು ಕೂತರು. ಬೈಯಲಿಲ್ಲ. "ಟೀಚರೇ, ಲೆಕ್ಕ ಅರ್ಥ ಆಗದ ಮಗು ಆಯ್ತು ಟೀಚರ್ ಅಂದರೆ ನೀವು ಏನು ಮಾಡ್ತೀರಿ?" ಎಂದು ಕೇಳಿದರು.

"ಬೋರ್ಡಿಗೆ ಕರೆದು ಮಾಡಿ ತೋರಿಸು ಅನ್ನುತ್ತೇನೆ."

"ನನಗೆ ಹಾಗೆ ಮಾಡಿಸಲು ಆಗುವುದಿಲ್ಲ. ನಿಮ್ಮ ನೋವು ನೀವು ಹೇಳಿದರೆ ಮಾತ್ರ ನನಗೆ ಗೊತ್ತಾಗುವುದು."

ಮಧ್ಯಾಹ್ನ ಇನ್ನೊಮ್ಮೆ ಸ್ಕ್ಯಾನ್ ನೋಡಿ ತೊಡೆಗೆ ಬ್ಲಾಕ್ ಕೊಟ್ಟರು. ಅರ್ಧ ಗಂಟೆಯಲ್ಲಿ ಮೂರಕ್ಕೆ ಇಳಿಯಿತು. ಸೊನ್ನೆ ಆಗಬೇಕೆಂದು ಕಾಯಬೇಡಿ, ಮೂರು ನಾಲ್ಕರಲ್ಲಿದ್ದು ನಡೆಯಲು ಆದರೆ ಸಾಕು ಎಂದರು. ಮಾತ್ರೆಯ ವಿಷಯವನ್ನೂ ಬಿಡಿಸಿ ಹೇಳಿದರು. ಪ್ಯಾರಾಸಿಟಮಾಲ್ ಆರು ಗಂಟೆಗೊಮ್ಮೆ, ನೋವಿರಲಿ ಇಲ್ಲದಿರಲಿ. ದಿನಕ್ಕೆ ನಾಲ್ಕು ಗ್ರಾಂ ದಾಟಬಾರದು, ಜ್ವರಕ್ಕೆಂದು ಬೇರೆ ಮಾತ್ರೆ ನುಂಗಿದರೆ ಅದೂ ಲೆಕ್ಕಕ್ಕೆ ಸೇರುತ್ತದೆ. ಊತ ಇಳಿಸುವ ಮಾತ್ರೆ ಕಿಡ್ನಿಯ ರಿಪೋರ್ಟ್ ನೋಡಿಯೇ ಕೊಡುವುದು, ಅದೂ ಕೆಲವು ದಿನ ಮಾತ್ರ. ತೋಳಿಗೆ ಒಂದು ಪಟ್ಟಿ ಅಂಟಿಸಿದರು. ಅದರಿಂದ ಏಳು ದಿನ ನೋವಿನ ಮದ್ದು ಚರ್ಮದ ಮೂಲಕ ಸ್ವಲ್ಪಸ್ವಲ್ಪವೇ ಒಳಗೆ ಹೋಗುತ್ತದೆ. ಪಟ್ಟಿಯ ಮೇಲೆ ಬಿಸಿನೀರಿನ ಚೀಲ ಇಡಬಾರದು, ಬಿಸಿಗೆ ಮದ್ದು ಒಮ್ಮೆಲೇ ಜಾಸ್ತಿ ಹೋಗುತ್ತದೆ. ಟ್ರಾಮಡಾಲ್ ನೋವು ಐದು ದಾಟಿದರೆ ಮಾತ್ರ. ಒಂದೊಂದು ಮದ್ದು ಒಂದೊಂದು ದಾರಿಯಲ್ಲಿ ನೋವನ್ನು ತಡೆಯುತ್ತದೆ, ಹಾಗಾಗಿ ಯಾವುದನ್ನೂ ಜಾಸ್ತಿ ಕೊಡಬೇಕಾಗುವುದಿಲ್ಲ.

ಯಾರೂ ಬಾಯಿ ಬಿಟ್ಟು ಹೇಳದ ಒಂದು ವಿಷಯ ಇದೆ, ಮಲಬದ್ಧತೆ. ಟ್ರಾಮಡಾಲ್, ಪಟ್ಟಿ ಎರಡರಿಂದಲೂ ಬರುತ್ತದೆ. ನಾಲ್ಕು ದಿನ ನನಗೆ ಹೊಟ್ಟೆ ಕಟ್ಟಿತ್ತು. ಗಂಟಿನ ನೋವಿಗಿಂತ ಅದೇ ಹಿಂಸೆಯಾಯಿತು. ಮೊದಲ ದಿನದಿಂದಲೇ ಸಿರಪ್ ಕೇಳಿ ತೆಗೆದುಕೊಳ್ಳಿ, ನಾಚಿಕೆ ಬೇಡ.

ಮನೆಗೆ ಬಂದ ಮೇಲೆ ಶಾಲೆಯ ಕಾಲದ ಒಂದು ಖಾಲಿ ಹಾಜರಿ ಪುಸ್ತಕ ತೆಗೆದೆ. ಗಂಟೆ, ಮಲಗಿದಾಗಿನ ನೋವು, ನಡೆದಾಗಿನ ನೋವು, ಮಾತ್ರೆ ಎಂದು ನಾಲ್ಕು ಗೆರೆ ಎಳೆದೆ. ಸೊಸೆ ತುಂಬುತ್ತಿದ್ದಳು. ನಾನು ಮರೆತು "ಸಾರ ಇಲ್ಲ" ಅಂದರೆ "ಅತ್ತೆ, ನಂಬರ್ ಹೇಳಿ" ಅನ್ನುತ್ತಿದ್ದಳು. ಒಂದು ವಾರದ ಪುಟ ನೋಡಿದಾಗ ನನಗೇ ಗೊತ್ತಾಯಿತು, ರಾತ್ರಿ ಎರಡರಿಂದ ನಾಲ್ಕರ ನಡುವೆ ನೋವು ಯಾವಾಗಲೂ ಜಾಸ್ತಿ. ಮಲಗುವಾಗಿನ ಮಾತ್ರೆಯನ್ನು ಡಾಕ್ಟರಲ್ಲಿ ಕೇಳಿ ಒಂದು ಗಂಟೆ ತಡ ಮಾಡಿಕೊಂಡೆ. ವ್ಯಾಯಾಮಕ್ಕೆ ಮುಕ್ಕಾಲು ಗಂಟೆ ಮೊದಲು ಒಂದು ಮಾತ್ರೆ, ವ್ಯಾಯಾಮದ ನಂತರ ಬೈರಾಸಿನಲ್ಲಿ ಸುತ್ತಿದ ಐಸ್. ನೋಡಲು ಬಂದ ನೆಂಟರು ಕೊಟ್ಟಂಚುಕ್ಕಾದಿ ತೈಲ ತಂದರು. ಒಳ್ಳೆಯ ತೈಲವೇ. ಹಸಿ ಗಾಯದ ಮೇಲೆ ತಿಕ್ಕುವುದು ಮಾತ್ರ ಬೇಡ ಎಂದು ಕೈಮುಗಿದು ಹೇಳಿದೆ. ಆರನೇ ವಾರ ಗಂಟು 110 ಡಿಗ್ರಿ ಮಡಚಿತು. ಮಕರ ಸಂಕ್ರಾಂತಿ ಕಳೆದು ಒಂದು ಬೆಳಿಗ್ಗೆ ಮಗನ ಕೈ ಹಿಡಿದು 32 ಮೆಟ್ಟಿಲೂ ಇಳಿದೆ. ಕಾರ್ಮಿಕರು ಅಡಿಕೆ ಹೆಕ್ಕುತ್ತಿದ್ದರು. ಹೋಗಿ ಒಂದು ಕಲ್ಲಿನ ಮೇಲೆ ಕೂತು ಬಹಳ ಹೊತ್ತು ತೋಟ ನೋಡಿದೆ.

ಏಪ್ರಿಲ್‌ನಲ್ಲಿ ಎಡಗಾಲು. ಅದೇ ಮೇಡಂ, ಅದೇ ಬೆನ್ನಿನ ಸೂಜಿ, ಅದೇ ಓಣಿ. ರಾತ್ರಿ ಹತ್ತಕ್ಕೆ ನೋವಿರಲಿಲ್ಲ, ಆದರೂ ಮಾತ್ರೆ ನುಂಗಿದೆ. ಎರಡು ಗಂಟೆಗೆ ಫೋನಿನಲ್ಲಿ ಅಲಾರಂ ಇಟ್ಟು ಮಲಗಿದೆ. ಎದ್ದಾಗ ಗಂಟು ಬಿಸಿಯಾಗಿತ್ತು, ಬಿಗಿಯಾಗತೊಡಗಿತ್ತು. ಬೆಲ್ ಒತ್ತಿದೆ. ಸೊಸೆಯನ್ನೂ ಎಬ್ಬಿಸಿದೆ. ಈ ಸಲ ಬೇರೆ ಸಿಸ್ಟರ್, ಪುತ್ತೂರಿನವಳು.

"ನೋವು ಉಂಟಾ ಅಮ್ಮ?"

"ಮಲಗಿದಾಗ ನಾಲ್ಕು, ಆಡಿಸಿದರೆ ಆರು" ಎಂದೆ.

ಅವಳು ಬರೆದುಕೊಂಡು ಮದ್ದು ತರಲು ಹೋದಳು.